ಬರ್ತೇನಿ ಅಂದು ಹೋದವರು

ನಮ್ಮ ಪಕ್ಕದ ಮನೆಯ ಡೋರೀನ್‌ಳನ್ನು ನನ್ನ ಅಜ್ಜಿ ಶಾಂತವ್ವ ಮೊದಲ ದಿನವೇ ಡೋರವ್ವ ಎಂದು ಕರೆದಳು. ಡೋರೀನ್ ಎಂಬುದು ಅಜ್ಜಿಯ ನಾಲಿಗೆಗೆ ಹೊರಳಲಿಲ್ಲ ಎಂದಲ್ಲ. "ನನಗಿಂತ ಹಿರ್ಯಾಕಿ, ಹೆಸರಷ್ಟs ಹಿಡದು ಹ್ಯಾಂಗ ಕರೀಲಿ?" ಎಂಬುದು ಅವಳ ಪ್ರಶ್ನೆ. ಆಮೇಲೆ ನಾವೆಲ್ಲ ಡೋರವ್ವ ಎಂದೇ ಕರೆದೆವು. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಅಜ್ಜಿ ಗದಗಿನಿಂದ ಬಂದಿದ್ದು ಎರಡು ಸಾವಿರದ ಹದಿನಾಲ್ಕರ ಅಕ್ಟೋಬರಿನಲ್ಲಿ, ಆರು ತಿಂಗಳ ವೀಸಾದ ಮೇಲೆ, ಅಮೆರಿಕದ ರೆಂಟನ್ನಿನಲ್ಲಿದ್ದ ಮಗಳ ಮನೆಗೆ. ಮಗಳು ಎಂದರೆ ನನ್ನ ಅಮ್ಮ ರಾಜೇಶ್ವರಿ. ಅಮ್ಮ ಬೆಳಿಗ್ಗೆ ಬಸ್ಸು ಹಿಡಿದು ರೆಡ್ಮಂಡ್‌ಗೆ ಕೆಲಸಕ್ಕೆ ಹೋದರೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ನಾನು ಆ ವರ್ಷ ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಡೋರವ್ವನಿಗೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಇಬ್ಬರ ಮಾತೂ ನನ್ನ ಮೂಲಕ ಹೋಗಬೇಕಿತ್ತು.

ಮೊದಲ ದಿನವೇ ನಾನು ತಪ್ಪು ಮಾಡಿದೆ. ಡೋರವ್ವನ ಮನೆಯಲ್ಲಿ ಚಹಾ ಕುಡಿದು ಹೊರಡುವಾಗ ಅಜ್ಜಿ ಕೈ ಮುಗಿದು, "ಬರ್ತೇನ್ರಿ ಡೋರವ್ವ" ಅಂದಳು. ಡೋರವ್ವ ನನ್ನ ಮುಖ ನೋಡಿದಳು. "ಬರುತ್ತೇನೆ ಅಂತಿದ್ದಾಳೆ" ಎಂದು ನಾನು ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ತಿರುಗಿಸಿದೆ.

ಅಂದು ಸಂಜೆ ಅಮ್ಮ ಬಸ್ಸಿಳಿದು ಬರುವಾಗ ಪಕ್ಕದ ಮನೆಯ ಬಾಗಿಲು ತೆರೆದಿತ್ತಂತೆ. ವರಾಂಡದ ದೀಪ ಉರಿಯುತ್ತಿತ್ತು. ಡೋರವ್ವ ಕೋಟು ತೊಟ್ಟು, ಜಿನುಗುವ ಮಳೆಯ ಚಳಿಯಲ್ಲಿ ಹೊಸ್ತಿಲ ಮೇಲೆ ನಿಂತಿದ್ದಳು. "ನಿನ್ನ ತಾಯಿ ಬರುತ್ತೇನೆ ಅಂದಿದ್ದಳು. ಕೆಟಲ್ ಮೂರು ಸಲ ಕಾಯಿಸಿದೆ" ಅಂದಳಂತೆ.

"ಅಕ್ಷರಕ್ಕ ಅಕ್ಷರ ತಿರುವಿ ಹಾಕಿದ್ರ ಹಿಂಗs ಆಗೂದು ವೈಶಾಲಿ" ಎಂದು ಅಮ್ಮ ನನ್ನನ್ನು ಬೈದಳು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಪಾಪ, ಕಾಯ್ಕೋತ ನಿಂತಿದ್ಲಲ್ಲ! ನಡಿ, ನಾಳೆ ಹೋಗಿ ತಿಳಿಸಿ ಹೇಳೋಣು."

ಮರುದಿನ ಹೋಗಿ ತಿಳಿಸಿ ಹೇಳಿದೆವು. ನಮ್ಮಲ್ಲಿ ಹೊರಡುವವರು 'ಹೋಗ್ತೇನಿ' ಅನ್ನುವುದಿಲ್ಲ, 'ಬರ್ತೇನಿ' ಅನ್ನುತ್ತಾರೆ. ಇರುವವರು 'ಹೋಗು' ಅನ್ನುವುದಿಲ್ಲ, 'ಹೋಗಿ ಬಾ' ಅನ್ನುತ್ತಾರೆ. ಬರೀ ಹೋಗುವವರು ಸತ್ತವರು ಮಾತ್ರ. ಆ ಮಾತು ಮನೆಯ ಹೊಸ್ತಿಲ ಮೇಲೆ ಬರಬಾರದು.

ಡೋರವ್ವ ಕಪ್ಪನ್ನು ಕೆಳಗಿಟ್ಟಳು. "ಬರುತ್ತೇನೆ ಅಂದು ಹೋದವರು ಬಂದೇ ಬರುತ್ತಾರಾ?"

ಅಜ್ಜಿ ತಮಾಷೆಗೆ, "ಬರಲಿಲ್ಲಂದ್ರ ಬಿಡ್ತೀವೇನು? ಬೈಸ್ಕೊಳ್ಳಾಕರ ಬರಬೇಕು" ಅಂದಳು. ನಾನು ಅದನ್ನು ಹೇಳಿದೆ. ಡೋರವ್ವ ನಗಲಿಲ್ಲ. ತಿರುಗಿ ತನ್ನ ಬಾಗಿಲನ್ನು ನೋಡಿದಳು. ಬಾಗಿಲು ಹಾಕಿತ್ತು.

ಡೋರವ್ವ ಇಂಗ್ಲೆಂಡಿನ ಪೂರ್ವಭಾಗದ ಸಫೊಕ್‌ನ ಒಂದು ಸಣ್ಣ ಹಳ್ಳಿಯವಳು. ದೊಡ್ಡ ಯುದ್ಧ ಶುರುವಾದ ವರ್ಷ ಹುಟ್ಟಿದವಳು. ಹತ್ತಿರದಲ್ಲಿ ಅಮೆರಿಕದ ವಾಯುಪಡೆಯ ನೆಲೆಯಿತ್ತು. ಅಲ್ಲಿನ ಒಬ್ಬ ಹುಡುಗನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಅವನು ರೆಂಟನ್ನಿನ ವಿಮಾನದ ಕಾರ್ಖಾನೆಯಲ್ಲಿ ರೆಕ್ಕೆ ಜೋಡಿಸುವ ಕೆಲಸ ಮಾಡುತ್ತಿದ್ದ, ಇವಳು ಶಾಲೆಯೊಂದರ ಅಡುಗೆಮನೆಯಲ್ಲಿ. ಮಕ್ಕಳಾಗಲಿಲ್ಲ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಅವಳ ಮನೆಯಲ್ಲಿ ಅವನ ಫೋಟೋ ಇತ್ತು. ಹಳ್ಳಿಯ ಫೋಟೋ ಒಂದೂ ಇರಲಿಲ್ಲ.

ಹಳ್ಳಿಯ ಮಾತನ್ನು ಅವಳ ಬಾಯಿಂದ ತೆಗೆಸಿದವಳು ಅಜ್ಜಿ. ಅಜ್ಜಿಯ ಲೆಕ್ಕದಲ್ಲಿ ಇಂಗ್ಲೆಂಡಿನವರೆಲ್ಲ ಸಾಹೇಬರು. ಕುದುರೆ, ಬಂಗಲೆ, ಬೂಟು. ಡೋರವ್ವ ಹೇಳಿದ್ದು ಬೇರೆ. ಸುಗ್ಗಿಯಲ್ಲಿ ಯಜಮಾನ ಪೈರು ಸಾಗಿಸಿದ ನಂತರ ಹೆಂಗಸರು ಮಕ್ಕಳು ಹೊಲಕ್ಕೆ ನುಗ್ಗಿ ಬಿದ್ದ ತೆನೆ ಆರಿಸುತ್ತಿದ್ದರಂತೆ. ಆ ಗೋಧಿಯನ್ನು ಕೋಳಿಗೆ ಹಾಕುತ್ತಿದ್ದರಂತೆ. ಅವಳ ಅಜ್ಜಿಯ ಕಾಲದಲ್ಲಿ ಮನುಷ್ಯರೇ ಅದನ್ನು ಬೀಸಿ ತಿನ್ನುತ್ತಿದ್ದರಂತೆ. ನನಗೆ ಅದಕ್ಕೆ ಕನ್ನಡದ ಪದ ಗೊತ್ತಿರಲಿಲ್ಲ. ಕೈ ಬಗ್ಗಿಸಿ ತೋರಿಸಿದೆ.

"ಹಕ್ಕಲಾ!" ಅಜ್ಜಿ ಕೂತಲ್ಲೇ ಚಪ್ಪಾಳೆ ತಟ್ಟಿದಳು. "ಯವ್ವಾ, ನಮ್ಮನ್ನ ಆಳಿದ ಮಂದಿ ಹಕ್ಕಲಾ ಆರಸ್ತಿದ್ರಾ! ಇದನ್ನ ಗದಗಿನಾಗ ಹೇಳಿದ್ರ ಯಾರೂ ನಂಬಂಗಿಲ್ಲ. ನಾನೂ ಆರಸೇನಿ ಅಂತ ಹೇಳು ಆಕೀಗೆ. ಜ್ವಾಳದ ಹೊಲದಾಗ, ಬರಿಗಾಲಲೆ."

ಅಂದಿನಿಂದ ಇಬ್ಬರಿಗೂ ದಿನ ಸಾಕಾಗಲಿಲ್ಲ. ಡೋರವ್ವನ ಹಳ್ಳಿಯ ಮನೆಯೊಳಗೆ ನಳ ಇಲ್ಲದ್ದು, ಪಾಯಖಾನೆ ತೋಟದ ಕೊನೆಗೆ ಇದ್ದದ್ದು, ಚಳಿಗಾಲದ ಬೆಳಿಗ್ಗೆ ಕಿಟಕಿಯ ಗಾಜಿಗೆ ಒಳಗಿನಿಂದಲೇ ಹಿಮ ಕಟ್ಟಿ ಎಲೆಗಳಂತೆ ಕಾಣುತ್ತಿದ್ದದ್ದು. ನೀರು ತರಲು ಊರ ನಡುವಿನ ಕೈಪಂಪಿಗೆ ಹೋಗಬೇಕಿತ್ತು. ಡೋರವ್ವ ಮತ್ತು ಅವಳ ತಂಗಿ ಐವಿ ಒಟ್ಟಿಗೆ ಹೋಗುತ್ತಿದ್ದರು. ಬಕೆಟ್ಟಿನ ಹಿಡಿಕೆಯಲ್ಲಿ ಒಂದು ಕೋಲು ತೂರಿಸಿ, ಒಂದು ತುದಿ ಅಕ್ಕ, ಒಂದು ತುದಿ ತಂಗಿ. "ಇಬ್ಬರು ಹಿಡಿದರೆ ಒಂದು ಹನಿಯೂ ಚೆಲ್ಲುವುದಿಲ್ಲ" ಅಂದಳು ಡೋರವ್ವ. "ಒಬ್ಬರೇ ತಂದರೆ ಹಿಡಿಕೆ ಬಕೆಟ್ಟಿಗೆ ಬಡಿಯುತ್ತಾ ಇರುತ್ತದೆ. ದಾರಿಯುದ್ದಕ್ಕೂ ನೀರು."

ಹಾಗೆ ಹೇಳುವಾಗ ಅವಳ ಬೆರಳು ಕಪ್ಪಿನ ಅಂಚಿಗೆ ತಾಗಿತು. ಟಿಣ್ ಅಂದಿತು. ಅವಳು ಕೂಡಲೇ ಕೈ ತೆಗೆದಳು.

ನೀರಿನ ಗುರುತನ್ನು ಮೊದಲು ಕಂಡವಳು ಅಜ್ಜಿಯೇ. ನವೆಂಬರಿನಲ್ಲಿ ಒಂದು ವಾರ ಮಳೆ ನಿಂತು ನೆಲ ಗಟ್ಟಿಯಾಗಿ ಹೆಪ್ಪುಗಟ್ಟುವಷ್ಟು ಚಳಿ ಬಿತ್ತು. ರಸ್ತೆ ಬಿಳಿಯಾಗಿ ಒಣಗಿತ್ತು. ನಾವು ಹೋದಾಗ ಡೋರವ್ವನ ಮನೆಯ ಮೂಲೆಯಿಂದ ಬಾಗಿಲವರೆಗೆ ನೀರು ಚೆಲ್ಲಿದ ಗುರುತಿತ್ತು. ಅಲ್ಲೊಂದು ಇಲ್ಲೊಂದು, ಅಂಗೈಯಷ್ಟು ಅಗಲ. ಹೊಸ್ತಿಲ ಮುಂದೆ ಮಾತ್ರ ದುಂಡಗೆ, ಏನನ್ನೋ ಇಟ್ಟು ಎತ್ತಿದ ಹಾಗೆ.

"ಮಳಿ ಇಲ್ಲ. ಮತ್ತ ಈ ನೀರು ಎಲ್ಲೀದು?" ಅಂದಳು ಅಜ್ಜಿ.

ಮನೆಯ ಮೂಲೆಯಲ್ಲಿ ಹೊರಗಿನ ನಳ ಇದೆ. ಹೋಗಿ ನೋಡಿದೆ. ಚಳಿಗೆ ಒಡೆಯದಂತೆ ಅದನ್ನು ಆಗಲೇ ಬಂದ್ ಮಾಡಿ ಥರ್ಮೊಕೋಲಿನ ಟೊಪ್ಪಿಗೆ ಹಾಕಲಾಗಿತ್ತು. ಟೊಪ್ಪಿಗೆಯ ಮೇಲೆ ಜೇಡ ಬಲೆ ಕಟ್ಟಿತ್ತು. ಬಲೆ ಹರಿದಿರಲಿಲ್ಲ.

ಬಾಗಿಲು ತೆಗೆದ ಡೋರವ್ವ ನಮ್ಮ ಕಣ್ಣು ಎಲ್ಲಿದೆ ಎಂದು ನೋಡಿದಳು. "ನಿಮಗೂ ಕಾಣುತ್ತದಾ?" ಎಂದು ಕೇಳಿದಳು. ನಾನು ಇಂಗ್ಲಿಷಿನಲ್ಲಿ ಹೌದು ಅಂದೆ. ಅವಳು ಗೋಡೆ ಹಿಡಿದು ನಿಧಾನವಾಗಿ ಕುರ್ಚಿಯ ಮೇಲೆ ಕೂತಳು. "ನನಗೆ ಮಾತ್ರ ಅಂದುಕೊಂಡಿದ್ದೆ" ಅಂದಳು.

ಆ ಮಧ್ಯಾಹ್ನ ಅವಳು ಹೇಳಿದ್ದನ್ನು ನಾನು ತುಂಡು ತುಂಡಾಗಿ ಅಜ್ಜಿಗೆ ಹೇಳುತ್ತಾ ಹೋದೆ. ಇಲ್ಲಿ ಜೋಡಿಸಿ ಬರೆಯುತ್ತಿದ್ದೇನೆ.

ಅವರ ಹಳ್ಳಿಯಲ್ಲಿ ಯಾರಾದರೂ ಸತ್ತರೆ ಹೆಣವನ್ನು ಮುಂದಿನ ಕೋಣೆಯಲ್ಲಿ ಮಲಗಿಸುತ್ತಿದ್ದರು. ಪರದೆ ಎಳೆದು, ಮಕ್ಕಳನ್ನು ಸಾಲಾಗಿ ಒಳಗೆ ಕರೆದು ಸತ್ತವರ ಹಣೆ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಅವರು ನಿನ್ನ ಕನಸಿಗೆ ಬರುವುದಿಲ್ಲ ಎನ್ನುತ್ತಿದ್ದರು. ಡೋರವ್ವ ತನ್ನ ತಾತನ ಹಣೆ ಮುಟ್ಟಿದ್ದಳು. ಬೆಣ್ಣೆ ಇಡುವ ಕಲ್ಲಿನಂತೆ ತಣ್ಣಗಿತ್ತಂತೆ. ತಾತ ಒಂದು ದಿನವೂ ಕನಸಿಗೆ ಬರಲಿಲ್ಲ.

ಸಾವಿರದ ಒಂಬೈನೂರ ನಲವತ್ತೇಳು. ಅಜ್ಜಿಗೆ ಆ ವರ್ಷ ಎಂದರೆ ಸ್ವಾತಂತ್ರ್ಯ. ಡೋರವ್ವನಿಗೆ ಹಿಮ. ಆ ಚಳಿಗಾಲ ಬೇಲಿಗಳು ಮುಳುಗುವಷ್ಟು ಹಿಮ ಬಿತ್ತು. ಕೈಪಂಪು ಹೆಪ್ಪುಗಟ್ಟಿತು. ಊರಾಚೆಯ ಒರತೆಯಲ್ಲಿ ಮಾತ್ರ ನೀರಿತ್ತು. ಡೋರವ್ವನಿಗೆ ದಡಾರ ಬಂದು ಮೇಲಿನ ಕೋಣೆಯಲ್ಲಿ ಮಲಗಿದ್ದಳು. ತಂಗಿಗೆ ಅಂಟಬಾರದೆಂದು ಬಾಗಿಲು ಹಾಕಿದ್ದರು. ಒಂದು ಮಧ್ಯಾಹ್ನ ಐವಿ ಮೆಟ್ಟಿಲ ಬುಡದಿಂದ ಕೂಗಿದಳು. "ನೀರಿಗೆ ಹೋಗ್ತಿದ್ದೀನಿ ಡೋರ್, ಈಗ ಬಂದೆ!" ಹಿಡಿಕೆ ಬಕೆಟ್ಟಿಗೆ ಬಡಿಯುವ ಸದ್ದು ಅಂಗಳ ದಾಟಿ ಹೋಯಿತು. ಆರು ವರ್ಷದ ಹುಡುಗಿ, ಒಬ್ಬಳೇ.

ಮರುದಿನ ಒರತೆಯ ಪಕ್ಕದ ಹಿಮದಲ್ಲಿ ಅವಳು ಸಿಕ್ಕಳು. ಕೆಳಗಿನ ಕೋಣೆಗೆ ತಂದರು. ಊರಿನ ಮಕ್ಕಳೆಲ್ಲ ಬಂದು ಹಣೆ ಮುಟ್ಟಿ ಹೋದರು. ಡೋರವ್ವನಿಗೆ ಜ್ವರ ತಲೆಗೇರಿತ್ತು. ಅವಳು ಕಣ್ಣು ಬಿಡುವಷ್ಟರಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು.

"ಸ್ವಲ್ಪ ದಿನ ಕನಸಿಗೆ ಬರುತ್ತಾಳೆ, ಆಮೇಲೆ ಬರುವುದು ನಿಲ್ಲಿಸುತ್ತಾಳೆ. ನೀನು ಮಾತಾಡಬೇಡ" ಎಂದು ತಾಯಿ ಹೇಳಿದಳಂತೆ.

ಐವಿ ಕನಸಿಗೆ ಬರಲಿಲ್ಲ. ಬಾಗಿಲಿಗೆ ಬಂದಳು. ಚಳಿಗಾಲ ಶುರುವಾದರೆ ಹಿಡಿಕೆಯ ಸದ್ದು. ದೂರದಿಂದ ಬಂದು ಹೊಸ್ತಿಲ ಹತ್ತಿರ ನಿಲ್ಲುತ್ತದೆ. ಬಕೆಟ್ ಕೆಳಗಿಟ್ಟ ಸದ್ದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದೇ ಎಲ್ಲಕ್ಕಿಂತ ಕಷ್ಟ ಅಂದಳು ಡೋರವ್ವ. "ಅವಳು ಕಾಯುತ್ತಾಳೆ. ನಾನು ಹೋಗಿ ಕೋಲಿನ ಇನ್ನೊಂದು ತುದಿ ಹಿಡಿಯಲಿ ಅಂತ." ಮದುವೆಯಾಗಿ ಸಮುದ್ರ ದಾಟಿ ಬಂದಳು. ಮೊದಲ ಚಳಿಗಾಲ ಸದ್ದಿರಲಿಲ್ಲ. ಎರಡನೆಯದರಲ್ಲಿ ಬಂತು.

ಅಜ್ಜಿ ಎದ್ದು ಹೋಗಿ ಹೊಸ್ತಿಲ ಮುಂದಿನ ದುಂಡಗಿನ ಗುರುತನ್ನು ನೋಡಿ ಬಂದಳು. ಆಮೇಲೆ ಅಂದಳು, "ಬರ್ತೇನಿ ಅಂದು ಹೋಗ್ಯಾಳ. ಮಾತು ಉಳಿಸ್ಕೊಂಡಾಳ. ಹೋಗು ಅಂತ ಯಾರೂ ಹೇಳೇ ಇಲ್ಲಲ್ಲ ಆ ಕೂಸಿಗೆ. ನೀ ಯಾಕ ಹೇಳಲಿಲ್ಲ ಡೋರವ್ವ?"

ನಾನು ತಿರುಗಿಸಿ ಹೇಳಿದೆ. ಡೋರವ್ವ ತನ್ನ ಕೈ ನೋಡಿಕೊಂಡಳು. "ಹೇಳಿದರೆ ನಿಜವಾಗಿ ಹೋಗಿಬಿಟ್ಟರೆ?" ಅಂದಳು.

ಕ್ರಿಸ್‌ಮಸ್ ಕಳೆದ ಮೇಲೆ ಡೋರವ್ವನ ಹೃದಯ ಸೋತಿತು. ಆಸ್ಪತ್ರೆ ಬೇಡ ಅಂದಳು. ಮನೆಯಲ್ಲೇ ನೋಡಿಕೊಳ್ಳುವ ನರ್ಸುಗಳು ಬಂದು, ಮುಂದಿನ ಕೋಣೆಯಲ್ಲಿ ಕಬ್ಬಿಣದ ಮಂಚ ಹಾಕಿ, ಬೆಳಕು ಕಣ್ಣಿಗೆ ಬೀಳದಿರಲೆಂದು ಪರದೆ ಎಳೆದರು. ಡೋರವ್ವ ಪರದೆ ನೋಡಿ ಸಣ್ಣಗೆ ನಕ್ಕಳು. "ಮುಂದಿನ ಕೋಣೆ" ಅಂದಳು ನನಗೆ. ನನಗೆ ಗೊತ್ತಾಯಿತು. ಅಜ್ಜಿಗೆ ಅದನ್ನು ತಿರುಗಿಸಿ ಹೇಳಲಿಲ್ಲ.

ಅವಳಿಗೆ ಸಾಯುವ ಭಯವಿರಲಿಲ್ಲ. ಅವಳ ಭಯ ಬೇರೆ. ಈ ದೇಶದಲ್ಲಿ ಸತ್ತವರನ್ನು ಚೀಲದಲ್ಲಿ ಹಾಕಿ ಜಿಪ್ ಎಳೆದು ಕೊಂಡೊಯ್ಯುತ್ತಾರೆ. ಯಾರೂ ಮುಟ್ಟುವುದಿಲ್ಲ. ಮುಟ್ಟುವುದು ಇರುವವರಿಗಾಗಿ ಎಂದು ಹಳ್ಳಿಯಲ್ಲಿ ಹೇಳುತ್ತಿದ್ದರು. ಇಷ್ಟು ವರ್ಷ ಸದ್ದು ಕೇಳಿದ ಮೇಲೆ, ಅದು ಸತ್ತವರಿಗೂ ಬೇಕು ಎಂದು ಅವಳಿಗೆ ಅನಿಸಿತ್ತು. ಯಾರೂ ಮುಟ್ಟಿ ಕಳಿಸದಿದ್ದರೆ ತಾವು ಹೋಗಿದ್ದೇವೆ ಎಂದೇ ಸತ್ತವರಿಗೆ ಗೊತ್ತಾಗುವುದಿಲ್ಲ.

"ಶಾಂಟಾ" ಅಂದಳು. ಅಜ್ಜಿಯ ಹೆಸರು ಅವಳ ಬಾಯಲ್ಲಿ ಹಾಗೆ. "ನನ್ನ ಹಣೆ ಮುಟ್ಟು. ಮುಟ್ಟಿ, ನಿಮ್ಮ ಭಾಷೆಯಲ್ಲಿ ಆ ಹೇಳಬಾರದ ಮಾತು ಇದೆಯಲ್ಲ, ಅದನ್ನು ಹೇಳು. ಐವಿ ಅಲ್ಲೇ ಬಾಗಿಲಲ್ಲಿರುತ್ತಾಳೆ. ಅವಳಿಗೂ ಕೇಳಲಿ. ನಾನು ಯಾರ ಬಾಗಿಲಿಗೂ ಬರುವುದು ಬೇಡ."

"ನಮಗ ಸೂತಕ ಗೀತಕ ಇಲ್ಲ, ಮುಟ್ಟತೇನಿ ಅಂತ ಹೇಳು" ಅಂದಳು ಅಜ್ಜಿ. "ಆ ಮಾತೂ ಹೇಳ್ತೇನಿ. ಬಾಯಿ ಗಟ್ಟಿ ಮಾಡ್ಕೋತೇನಿ."

ಡೋರವ್ವ ಆ ಪದವನ್ನು ಕಲಿಸಿಕೊಂಡಳು. ಹೋಗು. ಅವಳ ನಾಲಿಗೆಯಲ್ಲಿ 'ಹೋಗೂ' ಎಂದು ಉದ್ದವಾಗುತ್ತಿತ್ತು. "ತಪ್ಪು ಪದ ಹೇಳಿಬಿಟ್ಟೀಯೆ" ಎಂದು ಅಜ್ಜಿಯನ್ನು ಹೆದರಿಸುತ್ತಿದ್ದಳು. "ನನಗೆ ಈಗ ವ್ಯತ್ಯಾಸ ಗೊತ್ತು."

ಫೆಬ್ರವರಿಯ ಒಂದು ಬೆಳಿಗ್ಗೆ ನರ್ಸ್ ನಮ್ಮ ಬಾಗಿಲು ತಟ್ಟಿದಳು. ಅಜ್ಜಿ ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದಳು. ಬೆರಳಿನ ವಿಭೂತಿ ಹಾಗೇ ಇತ್ತು. ನಾವು ಹೋದಾಗ ಡೋರವ್ವನ ಉಸಿರು ದೂರ ದೂರವಾಗಿತ್ತು. ಹೊರಗೆ ಮಳೆಯಿರಲಿಲ್ಲ. ಅಜ್ಜಿ ಮಂಚದ ಪಕ್ಕ ಕೂತು ಅವಳ ಕೈ ಹಿಡಿದಳು.

ಸದ್ದು ನನಗೂ ಕೇಳಿಸಿತು. ಕೇಳಿಸದಿದ್ದರೆ ಬರೆಯುತ್ತಿರಲಿಲ್ಲ. ಮನೆಯ ಮೂಲೆಯಿಂದ, ಟಿಣ್, ಸ್ವಲ್ಪ ಬಿಟ್ಟು ಮತ್ತೆ ಟಿಣ್. ಸಣ್ಣ ಕಾಲಿನ ನಡಿಗೆಗೆ ಎಷ್ಟು ಬಿಡುವು ಬೇಕೋ ಅಷ್ಟು ಬಿಡುವು. ಹೊಸ್ತಿಲ ಹತ್ತಿರ ಭಾರದ್ದೊಂದು ಕೆಳಗೆ ಕೂತಿತು. ನರ್ಸ್ ಕಿಟಕಿಯ ಕಡೆ ತಿರುಗಿ, "ಯಾರೋ ಬಂದರು" ಅಂದಳು. ಯಾರೂ ಬಾಗಿಲು ತಟ್ಟಲಿಲ್ಲ.

ಡೋರವ್ವ ಕಣ್ಣು ತೆರೆದು ಅಜ್ಜಿಯನ್ನು ನೋಡಿದಳು. ಹಾಸಿಗೆಯ ಮೇಲೆ ಅವಳ ಬಲಗೈ ಮುಷ್ಟಿಯಾಯಿತು, ಏನನ್ನೋ ಹಿಡಿದ ಹಾಗೆ. ಮುಂದಿನ ಉಸಿರು ಬರಲಿಲ್ಲ.

ಅಜ್ಜಿ ಬಾಗಿ ಹಣೆಯ ಮೇಲೆ ಮೂರು ಬೆರಳಿಟ್ಟಳು. ವಿಭೂತಿ ಅಂಟಿತು. ಬಾಯಿ ತೆರೆದಳು. ಎಪ್ಪತ್ತು ವರ್ಷ, ಗಂಡನನ್ನು, ಮಕ್ಕಳನ್ನು, ನೆಂಟರನ್ನು, ಹಾಲಿನವನನ್ನು ಸಹ ಹೊಸ್ತಿಲಿಂದ ಕಳಿಸಿದ ಬಾಯಿ ಅದು.

"ಹೋಗಿ ಬಾರವ್ವ" ಅಂದಳು.

ಅಂದ ಮೇಲೆ ಕೇಳಿಸಿಕೊಂಡಳು. ಕೈಯಿಂದ ಬಾಯಿ ಮುಚ್ಚಿಕೊಂಡಳು. ನನ್ನ ಕಡೆ ನೋಡಿದಳು. ಹೊರಗೆ, ಕೆಳಗಿಟ್ಟಿದ್ದನ್ನು ಎತ್ತಿದ ಸದ್ದಾಯಿತು. ಆಮೇಲೆ ಟಿಣ್ ಎನ್ನಲಿಲ್ಲ. ಸದ್ದಿಲ್ಲದೆ ಹೋಯಿತು.

ಅಜ್ಜಿ ಹೊರಗೆ ಓಡಿದಳು. "ಹೋಗು! ಹೋಗ್ರಿ!" ಎಂದು ರಸ್ತೆಗೆ ಕೂಗಿದಳು. ಎದುರು ಮನೆಯವರು ತಮ್ಮ ನಾಯಿಯನ್ನು ಹತ್ತಿರಕ್ಕೆಳೆದುಕೊಂಡರು. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೊಸ್ತಿಲ ಮುಂದೆ ದುಂಡಗಿನ ಒದ್ದೆ ಗುರುತೊಂದಿತ್ತು. ಅಲ್ಲಿಂದ ಆಚೆಗೆ ನೆಲ ಪೂರ್ತಿ ಒಣಗಿತ್ತು.

ಆ ಮನೆ ಮಾರಾಟಕ್ಕೆ ಬಂತು. ಚಳಿಗಾಲ ಮುಗಿಯುವ ತನಕ ಅಜ್ಜಿ ದಿನಾ ಅದರ ಹೊಸ್ತಿಲು ನೋಡಿ ಬರುತ್ತಿದ್ದಳು. ನೀರಿನ ಗುರುತು ಮತ್ತೆ ಬೀಳಲಿಲ್ಲ. "ಬರಂಗಿಲ್ಲ ಬಿಡವ್ವ, ಅರ್ಥ ಆಗೇತಿ ಅವರಿಗೆ" ಎಂದು ಅಮ್ಮ ಸಮಾಧಾನ ಮಾಡಿದಳು. ಅಜ್ಜಿ ಒಪ್ಪಿಕೊಂಡ ಹಾಗೆ ಕಂಡಳು. ಏಪ್ರಿಲಿನಲ್ಲಿ ಗದಗಿಗೆ, ವಿನಯ ಮಾಮನ ಮನೆಗೆ ಹೊರಟಳು. ಏರ್‌ಪೋರ್ಟಿನಲ್ಲಿ ಎಂದಿನಂತೆ 'ಬರ್ತೇನಿ' ಅನ್ನಲಿಲ್ಲ. ನನ್ನ ಕೆನ್ನೆ ಸವರಿ ಒಳಗೆ ಹೋದಳು.

ಡಿಸೆಂಬರಿನಲ್ಲಿ ಅವಳೇ ಫೋನ್ ಮಾಡಿದಳು. ಅಲ್ಲಿ ಬೆಳಿಗ್ಗೆ. ಮೊದಲು ಹವಾ, ಜ್ವಾಳದ ರೇಟು, ಮಾಮನ ಮಂಡಿನೋವು. ಆಮೇಲೆ ದನಿ ತಗ್ಗಿಸಿದಳು.

"ವೈಶಾಲಿ, ಇಲ್ಲಿ ನಳಕ್ಕ ನೀರು ಬಂದು ವಾರದ ಮ್ಯಾಲಾತು. ಕೊಡಾ, ಡ್ರಮ್ಮು ಎಲ್ಲಾ ಖಾಲಿ. ಮುಂಜಾನೆ ಅಂಗಳದಾಗ ನೀರು ತುಂಬೋ ಸದ್ದು ಮಾತ್ರ ಬರ್ತದ."

"ಹಿಡಿಕೆ ಬಡೀತದೇನ ಅಜ್ಜಿ?"

"ಇಲ್ಲ. ಅದs ನೋಡು. ಹೆಜ್ಜಿ ಸಪ್ಪಳ ಎರಡು. ಒಂದು ಸಣ್ಣದು, ಒಂದು ದೊಡ್ಡದು. ಹೊರಗ ಹೋಗಿ ನೋಡಿದ್ರ ಬಾಗಲ ಮುಂದ ದುಂಡಗ ಒದ್ದಿ. ದಾರ್ಯಾಗ ಒಂದು ಹನಿ ಚೆಲ್ಲಿಲ್ಲ."

ನನಗೆ ಆಗ ತಿಳಿಯಿತು. ಹೋಗಿ ಬಾ ಎಂದು ಕರೆದವಳು ಅಜ್ಜಿ. ಅವರು ರೆಂಟನ್ನಿಗೆ ಯಾಕೆ ಬರುತ್ತಾರೆ? ಕರೆದವರ ಬಾಗಿಲಿಗೆ ಹೋಗಿದ್ದಾರೆ.

"ಅಜ್ಜಿ, ಹೇಳಿಬಿಡು. ಬಾಗಿಲು ತೆಗೆದು ಆ ಮಾತು ಹೇಳಿಬಿಡು. ಡೋರವ್ವ ಅದನ್ನೇ ಕೇಳಿದ್ದಳಲ್ಲ."

"ಮೂರು ದಿನ ಬಾಗಲಾ ತಗದು ನಿಂತೇನಿ. ಬಾಯಿಗೆ ಬರವಲ್ದು. ಅಷ್ಟು ದೂರದಿಂದ, ನಾನs ಕರದೀನಿ ಅಂತ ಬಂದಾರ. ಮನಿಗೆ ಬಂದವರಿಗೆ ಹೋಗ್ರಿ ಅಂತ ಹ್ಯಾಂಗನ್ನಲಿ?" ಆಮೇಲೆ ಹೇಳಿದ್ದನ್ನು ಎಷ್ಟೋ ದಿನದಿಂದ ಯೋಚಿಸಿದ್ದಳು ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು. "ಇರಲಿ. ನಾ ಹೋಗೋ ದಿನ ಇಬ್ಬರನ್ನೂ ನನ್ನ ಜೋಡಿ ಕರಕೊಂಡು ಹೋಗ್ತೇನಿ. ಮಾತು ಕೊಟ್ಟೀನಿ, ಹಂಗs ತೀರಸ್ತೇನಿ. ಅವತ್ತ ನೀ ಬಂದು ನನ್ನ ಹಣಿ ಮುಟ್ಟು. ಮುಟ್ಟಿ, ಹೋಗು ಅನ್ನು. ಮೂರೂ ಮಂದಿಗೆ ಒಂದs ಸಲ. ನೀ ಅಂತೀ ಇಲ್ಲೋ?"

"ಅಂತೀನಿ" ಅಂದೆ.

"ಗಟ್ಟಿ?"

"ಗಟ್ಟಿ ಅಜ್ಜಿ."

"ಹಂಗಾರ ಫೋನ್ ಇಡ್ಲಿ? ಬರ್ತೇನವ್ವ" ಅಂದಳು ಅಜ್ಜಿ.

"ಹೋಗಿ ಬಾ ಅಜ್ಜಿ" ಅಂದೆ ನಾನು.

ಅಂದ ಮೇಲೆ ಇಬ್ಬರೂ ಕೇಳಿಸಿಕೊಂಡೆವು. ಅಜ್ಜಿ ಫೋನ್ ಇಡಲಿಲ್ಲ. ಅವಳ ಹಿಂದೆ, ಗದಗಿನ ಒಣ ಅಂಗಳದಲ್ಲಿ, ಯಾರೋ ತುಂಬಿದ ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟರು.